ದೊಡ್ಡಪ್ಪ ಮೋಡದ ಕಡೆ ಕೈ ತೋರಿಸಿದ ಸಂಜೆ

ಮೊದಲೇ ಒಂದು ಮಾತು. ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಸಾಲು ನೇರ ಬರಲೆಂದು ಹಾಳೆಯ ಕೆಳಗೆ ಗೆರೆ ಎಳೆದ ಕಾಗದ ಇಟ್ಟುಕೊಂಡಿದ್ದೇನೆ. ಆದರೂ ಕೊನೆಯ ಪದಗಳು ಜಾರುಬಂಡೆ ಹತ್ತಿದ ಹಾಗೆ ಕೆಳಗೆ ಹೋಗುತ್ತವೆ. ದೊಡ್ಡ ಪದಗಳು ನನಗೆ ಬರುವುದಿಲ್ಲ, ಗೊತ್ತಿರುವ ಪದಗಳನ್ನೇ ಎರಡೆರಡು ಸಲ ನೋಡಿ ಬರೆದಿದ್ದೇನೆ. ಇದು ನೀರು ಬಿಡುವ ದೊಡ್ಡಪ್ಪನ ವಿಷಯ. ಇದರಲ್ಲಿ ಒಬ್ಬ ಹುಡುಗಿ ಬರುತ್ತಾಳೆ. ಅವಳು ನಾನೇ. ‘ನಾನು’ ಎಂದು ಬರೆಯಲು ಹೊರಟಾಗಲೆಲ್ಲ ಪೆನ್ನು ನಿಂತುಬಿಟ್ಟಿತು, ಅದಕ್ಕೆ ‘ಹುಡುಗಿ’ ಎಂದೇ ಬರೆದಿದ್ದೇನೆ.

ಬಡಾವಣೆಗೆ ನೀರು ಬರುವುದು ದಿಣ್ಣೆಯ ಮೇಲಿನ ಟ್ಯಾಂಕಿನಿಂದ. ಟ್ಯಾಂಕಿನ ಬುಡದಲ್ಲಿ ಪಂಪಿನ ಮನೆ, ಪಂಪಿನ ಮನೆಯ ಮುಂದೆ ಏಳು ಗುಂಡಿ, ಒಂದೊಂದು ಗುಂಡಿಯಲ್ಲಿ ಒಂದೊಂದು ಬೀದಿಯ ವಾಲ್ವು. ಎದೆ ಎತ್ತರದ ಕಬ್ಬಿಣದ ಕೀಲಿಯನ್ನು ಗುಂಡಿಗೆ ಇಳಿಸಿ, ಎರಡು ಕೈಯಲ್ಲಿ ಹಿಡಿದು, ಗಾಣದ ಎತ್ತಿನ ಹಾಗೆ ಸುತ್ತು ಬಂದರೆ ವಾಲ್ವು ತೆರೆಯುತ್ತದೆ. ಮೇಲಿನ ಬೀದಿಗೆ ಹದಿನಾಲ್ಕು ಸುತ್ತು, ಶಾಲೆಯ ಬೀದಿಗೆ ಒಂಬತ್ತು. ಒಂದು ಸುತ್ತು ಕಡಿಮೆಯಾದರೆ ಮೇಲಿನ ಬೀದಿಯವರ ನಲ್ಲಿ ಬರೀ ಗಾಳಿ ಬಿಡುತ್ತದೆ, ಒಂದು ಹೆಚ್ಚಾದರೆ ಕೆಳಗಿನವರ ತೊಟ್ಟಿ ತುಂಬಿ ಅಂಗಳದಲ್ಲಿ ಹರಿಯುತ್ತದೆ. ದೊಡ್ಡಪ್ಪ ಈ ಕೆಲಸವನ್ನು ಮೂವತ್ತೆಂಟು ವರ್ಷದಿಂದ ಮಾಡುತ್ತಿದ್ದಾರೆ. ಸುತ್ತುಗಳನ್ನು ಬಾಯಲ್ಲಿ ಎಣಿಸುವುದಿಲ್ಲ. ಅವರ ಭುಜವೇ ಎಣಿಸುತ್ತದೆ. ಕೀಲಿಗೆ ಕಿವಿ ಇಟ್ಟು ನೀರು ಎಲ್ಲಿಯವರೆಗೆ ಹೋಯಿತು ಎಂದು ಹೇಳುತ್ತಾರೆ.

ನಕ್ಷತ್ರಗಳ ಗೀಳು ಹತ್ತಿದ್ದೂ ಈ ಕೆಲಸದಿಂದಲೇ. ಮೊದಲ ನೀರು ಬಿಡುವುದು ಬೆಳಕು ಹರಿಯುವ ಮುಂಚೆ. ಪಂಪಿನ ಮನೆಯ ಗಡಿಯಾರ ಹುಟ್ಟಾ ಸೋಮಾರಿ. ಅವರಿಗೆ ಕೆಲಸ ಕಲಿಸಿದ ಹಳೆಯ ನೀರಿನವರು ಆ ಗಡಿಯಾರದ ಕಡೆ ತಿರುಗಿಯೂ ನೋಡುತ್ತಿರಲಿಲ್ಲವಂತೆ. ಕೈ ಉದ್ದ ಚಾಚಿ, ಮುಷ್ಟಿ ಕಟ್ಟಿ, ಬೆಟ್ಟದ ಅಂಚಿನ ಮೇಲೆ ಇಟ್ಟು ನೋಡುವುದು. ನಕ್ಷತ್ರ ಅಂಚಿನಿಂದ ಒಂದು ಮುಷ್ಟಿ ಏರಿದ್ದರೆ ಮೊದಲನೆಯ ವಾಲ್ವು, ಎರಡು ಮುಷ್ಟಿ ಏರಿದ್ದರೆ ಎರಡನೆಯದು. ಒಂದೇ ನಕ್ಷತ್ರವನ್ನು ನಂಬಿ ಕೂರುವಂತಿಲ್ಲ, ಅದು ದಿನಕ್ಕೆ ನಾಲ್ಕು ನಿಮಿಷ ಮುಂಚೆ ಬಂದುಬಿಡುತ್ತದೆ. ಹದಿನೈದು ದಿನಕ್ಕೊಮ್ಮೆ ಆ ಕೆಲಸಕ್ಕೆ ಹೊಸ ನಕ್ಷತ್ರವನ್ನು ಹುಡುಕಬೇಕು. ಹೀಗೆ ಹುಡುಕುತ್ತ ಹುಡುಕುತ್ತ ದೊಡ್ಡಪ್ಪನಿಗೆ ಆಕಾಶವೆಲ್ಲ ಬಾಯಿಪಾಠವಾಯಿತು. ದುರ್ಬೀನು ಅವರ ಹತ್ತಿರ ಇರಲೇ ಇಲ್ಲ. ಎರಡು ಕಣ್ಣು, ಒಂದು ಮುಷ್ಟಿ, ಅಷ್ಟೆ.

“ಇವರು ಆಕಾಶ ನೋಡ್ತಾ ನಿಂತ್ರು ಅಂದ್ರೆ ಮುಗೀತು, ಒಲೆ ಮೇಲಿನ ಹಾಲು ಉಕ್ಕಿ ಆರಿ ಪಾತ್ರೆಗೆ ಅಂಟಿದ್ರೂ ಗೊತ್ತಾಗಲ್ಲ” ಎಂದು ದೊಡ್ಡಮ್ಮ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದರು.

“ಹಾಲು ನಾಳೆಯೂ ಬರತ್ತೆ ಕಣೇ” ಎನ್ನುತ್ತಿದ್ದರು ದೊಡ್ಡಪ್ಪ.

“ನಕ್ಷತ್ರ ನಾಳೆ ಬರಲ್ವಾ?”

ಅದಕ್ಕೆ ದೊಡ್ಡಪ್ಪ ನಗುತ್ತಿದ್ದರು.

ಸಂಜೆ ಏಳೂವರೆಯ ಹೊತ್ತಿಗೆ, ಮನೆಮನೆಯಲ್ಲಿ ನೀರು ತುಂಬಿಸಿ ಮುಗಿದ ಮೇಲೆ, ಬೀದಿಯ ಜನ ಪಂಪಿನ ಮನೆಯ ಮಾಳಿಗೆ ಹತ್ತುತ್ತಿದ್ದರು. ದಿನಾ ಅಲ್ಲ, ಚಂದ್ರ ಇಲ್ಲದ ದಿನಗಳಲ್ಲಿ. ಮಾಳಿಗೆಯ ಗುಣ ಏನೆಂದರೆ, ನಿಂತರೆ ಊರಿನ ದೀಪಗಳೆಲ್ಲ ಕಣ್ಣಿಗೆ ಹೊಡೆಯುತ್ತವೆ, ಕೂತರೆ ಮೋಟುಗೋಡೆ ಅವನ್ನೆಲ್ಲ ನುಂಗಿಬಿಡುತ್ತದೆ. ದೊಡ್ಡಪ್ಪ ಎಲ್ಲರನ್ನೂ ಕೂರಿಸಿ, ಹತ್ತು ನಿಮಿಷ ಸುಮ್ಮನಿರಿ ಎನ್ನುತ್ತಿದ್ದರು. ಮೊಬೈಲು ತೆಗೆದವರಿಗೆ ಬೈಗುಳ. ಹತ್ತು ನಿಮಿಷ ಕಳೆಯುವಷ್ಟರಲ್ಲಿ, ಏನೂ ಇಲ್ಲದ ಕಡೆ ಒಂದೊಂದಾಗಿ ಚುಕ್ಕಿಗಳು ಕಾಣಿಸಿಕೊಳ್ಳುತ್ತಿದ್ದವು. ಯಾರೋ ಈಗ ತಾನೇ ತಂದು ಇಟ್ಟು ಹೋದ ಹಾಗೆ.

ಈ ಮಾಳಿಗೆಗೆ ಹುಡುಗಿ ಬಂದದ್ದು ಶಾಲೆಯಿಂದ ತಪ್ಪಿಸಿಕೊಂಡು.

ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಮ್ಮ ಕಾಲು ಮುರಿದುಕೊಂಡು ನಾಲ್ಕು ತಿಂಗಳು ಮಲಗಿದ್ದಳು. ಮನೆಗೆಲಸ ಮುಗಿಸಿ ಮತ್ತೆ ಶಾಲೆಗೆ ಹೋದಾಗ ಪಾಠಗಳು ರೈಲಿನ ಹಾಗೆ ಬಿಟ್ಟು ಹೋಗಿದ್ದವು. ಒಂದು ದಿನ ವಿಜ್ಞಾನದ ಟೀಚರ್ ಅವಳನ್ನು ಕರೆದು ಬೋರ್ಡಿನ ಮೇಲೆ ಉತ್ತರ ಬರೆಯಲು ಹೇಳಿದರು. ಉತ್ತರ ಗೊತ್ತಿತ್ತು. ಆದರೆ ಅಕ್ಷರಗಳು ಬೋರ್ಡಿನ ಮೇಲಿನ ಅಂಚಿನಿಂದ ಹೊರಟು ಕೆಳಗಿನ ಅಂಚಿಗೆ ಬಂದು ನಿಂತವು. “ಟೀಚರ್, ಉತ್ತರ ಮೆಟ್ಟಿಲಿಳೀತಿದೆ” ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ತರಗತಿಯೆಲ್ಲ ನಕ್ಕಿತು. ಟೀಚರಿಗೂ ನಗು ತಡೆಯಲಾಗಲಿಲ್ಲ, ಒಂದು ಕ್ಷಣ ಅಷ್ಟೆ.

ಮರುದಿನದಿಂದ ಹುಡುಗಿ ಬ್ಯಾಗು ಹಾಕಿಕೊಂಡು ಮನೆಯಿಂದ ಹೊರಡುತ್ತಿದ್ದಳು, ಶಾಲೆಗೆ ಹೋಗುತ್ತಿರಲಿಲ್ಲ. ಪಂಪಿನ ಮನೆಯ ನೆರಳಿನಲ್ಲಿ ಕೂತು ಸಂಜೆ ಮನೆಗೆ ಬರುತ್ತಿದ್ದಳು. ದೊಡ್ಡಪ್ಪ ಹನ್ನೊಂದು ದಿನ ಏನೂ ಕೇಳಲಿಲ್ಲ. ಹನ್ನೆರಡನೆಯ ದಿನ, “ಬ್ಯಾಗು ಅಲ್ಲಿ ಮೊಳೆಗೆ ಹಾಕು, ಈ ಎಣ್ಣೆ ಡಬ್ಬಿ ಹಿಡ್ಕೊ ಪುಟ್ಟಿ” ಅಂದರು. ಮನೆಯವರ ಹತ್ತಿರ ಮಾತಾಡಿದ್ದೂ ಅವರೇ. ಅಂದಿನಿಂದ ಅವಳು ಪಂಪಿಗೆ ಎಣ್ಣೆ ಹಾಕುವುದು, ಗುಂಡಿಗಳ ಮುಚ್ಚಳ ತೆಗೆಯುವುದು, ಸಂಜೆ ಮಾಳಿಗೆ ಗುಡಿಸುವುದು.

ಆಕಾಶ ನೋಡುವುದನ್ನು ಅವರೇ ಕಲಿಸಿದರು. ಕೃತ್ತಿಕೆಯ ಗೊಂಚಲಿನಲ್ಲಿ ಎಷ್ಟು ನಕ್ಷತ್ರ ಕಾಣತ್ತೆ ಎಂದು ಕೇಳಿದರು. ಅವಳು ಐದು ಅಂದಳು. “ಗುರಾಯಿಸಬೇಡ. ಸ್ವಲ್ಪ ಪಕ್ಕಕ್ಕೆ ನೋಡು, ಅದನ್ನ ನೋಡೇ ಇಲ್ಲ ಅನ್ನೋ ಹಾಗೆ. ಕೆಲವು ನಕ್ಷತ್ರಕ್ಕೆ ನಿನ್ನ ಹಾಗೆ ನಾಚಿಕೆ ಜಾಸ್ತಿ.” ಪಕ್ಕಕ್ಕೆ ನೋಡಿದಳು. ಆರನೆಯದು ಬಂತು. ಸ್ವಲ್ಪ ಹೊತ್ತಿಗೆ ಏಳನೆಯದೂ ಬಂದು, ಅವಳು ತಿರುಗಿ ನೋಡುತ್ತಲೇ ಮಾಯವಾಯಿತು. ಪರೀಕ್ಷೆಯಲ್ಲಿ ಎಂದೂ ಆಗದಷ್ಟು ಸಂತೋಷ ಆ ದಿನ ಅವಳಿಗಾಯಿತು.

ಆಮೇಲೆ ಒಂದು ತಿಂಗಳಿಗೆ ಒಂದು ದೀಪದ ಸಂಗತಿ ನಡೆಯಿತು. ಮಾಳಿಗೆಯ ಮೇಲೆ ಇಬ್ಬರೇ ಇದ್ದರು. ದೊಡ್ಡಪ್ಪ ಪೂರ್ವದ ಕಡೆ ನೋಡುತ್ತ, “ರೋಹಿಣಿ ಇವತ್ತು ಎಷ್ಟು ಕೆಂಪಗಿದೆ ನೋಡು” ಅಂದರು. ಹುಡುಗಿ ನೋಡಿದಳು. ಅಲ್ಲಿದ್ದದ್ದು ಹೊಸದಾಗಿ ಏಳುತ್ತಿದ್ದ ಕಟ್ಟಡದ ತುದಿಯ ಕೆಂಪು ದೀಪ. ರೋಹಿಣಿ ಅದರ ಮೇಲೆ, ಮೂರು ಮುಷ್ಟಿ ದೂರದಲ್ಲಿ, ತನ್ನ ಪಾಡಿಗೆ ಮಿನುಗುತ್ತಿತ್ತು. ಅವಳು ಏನೂ ಹೇಳಲಿಲ್ಲ.

“ದೀಪಾನಾ?” ದೊಡ್ಡಪ್ಪ ಮೆಲ್ಲಗೆ ಕೇಳಿದರು.

“ಹೂಂ ದೊಡ್ಡಪ್ಪ.”

ಕಣ್ಣಿಗೆ ಪೊರೆ ಬಂದು ಎಷ್ಟು ದಿನವಾಗಿತ್ತೋ ಅವರಿಗೇ ಗೊತ್ತಿರಲಿಲ್ಲ. ದೀಪಗಳು ಹತ್ತಿಯ ಉಂಡೆಯ ಹಾಗೆ ಕಾಣುತ್ತಿದ್ದವು. ನಕ್ಷತ್ರಗಳು ಕಾಣುತ್ತಲೇ ಇರಲಿಲ್ಲ. ಕೀಲಿ ತಿರುಗಿಸಲು ಕಣ್ಣು ಬೇಡ, ನೀರು ಬಿಡುವ ಹೊತ್ತು ಮೈಗೇ ಅಭ್ಯಾಸವಾಗಿತ್ತು, ಹಾಗಾಗಿ ಕೆಲಸಕ್ಕೆ ತೊಂದರೆ ಬಂದಿರಲಿಲ್ಲ. ಆಸ್ಪತ್ರೆಗೆ ಹೋಗೋಣ ಎಂದು ಹುಡುಗಿ ಅಂದರೆ, “ಹೋದ್ರೆ ಊರಿಗೆಲ್ಲ ಗೊತ್ತಾಗತ್ತೆ. ಕಾಣದೇ ಇದ್ದೋನು ನಮಗೇನು ತೋರಿಸಿದ ಅಂತಾರೆ. ಯಾರಿಗೂ ಹೇಳಬೇಡ ಪುಟ್ಟಿ” ಅಂದರು. ಅವರು ಯಾರ ಹತ್ತಿರವೂ ಏನನ್ನೂ ಬೇಡಿಕೊಂಡದ್ದನ್ನು ಅವಳು ಕಂಡಿರಲಿಲ್ಲ. ಅದಕ್ಕೆ ಒಪ್ಪಿಕೊಂಡಳು, ದೊಡ್ಡಮ್ಮನಿಗೂ ಹೇಳಲಿಲ್ಲ.

ಹೀಗೆ ಅವರಿಬ್ಬರ ನಡುವೆ ಒಂದು ಏರ್ಪಾಡಾಯಿತು. ಹುಡುಗಿ ಅವರ ಎಡಗಡೆ ಒತ್ತಿಕೊಂಡು ಕೂರುತ್ತಾಳೆ. ದೊಡ್ಡಪ್ಪ ಕೈ ಎತ್ತುವಾಗ ಮೊಣಕೈಗೆ ತನ್ನ ಕೈ ಕೊಟ್ಟು, ಯಾರಿಗೂ ತಿಳಿಯದಂತೆ ಸರಿಯಾದ ಕಡೆಗೆ ತಿರುಗಿಸುತ್ತಾಳೆ. ಉಳಿದದ್ದು ಅವರ ನೆನಪಿಗೆ ಬಿಟ್ಟದ್ದು. ಮೋಡ ಬಂದರೆ ಮಾತ್ರ ನೆನಪಿನಿಂದ ಉಪಯೋಗವಿಲ್ಲ. ಆಗ ಅವಳು, “ನೀರು ಕುಡೀತೀರಾ ದೊಡ್ಡಪ್ಪ?” ಎಂದು ಕೇಳಬೇಕು, ಕೇಳುತ್ತ ಮೋಡ ಬಂದ ದಿಕ್ಕಿಗೆ ಅವರ ಮೊಣಕೈಯನ್ನು ಒತ್ತಬೇಕು. ಅವರು ಒಂದು ಗುಟುಕು ಕುಡಿದು, “ಛೆ, ಪೂರ್ವಕ್ಕೆ ಮೋಡ ಬಂತು ನೋಡಿ, ಈ ಕಡೆ ತಿರುಗಿ” ಅನ್ನುತ್ತಿದ್ದರು. ಎರಡು ವರ್ಷ ಯಾರಿಗೂ ಅನುಮಾನ ಬರಲಿಲ್ಲ. ಬರೀ ದೊಡ್ಡಮ್ಮ ಒಮ್ಮೆ, “ಆಕಾಶ ನೋಡಿದ್ರೆ ಇಷ್ಟೊಂದು ಬಾಯಾರಿಕೆ ಆಗತ್ತಾ?” ಅಂದಿದ್ದರು.

ಹೋದ ವಾರ ಒಂದು ಮಧ್ಯಾಹ್ನ ದೊಡ್ಡಪ್ಪ, “ಸಂಜೆ ಶಾಲೆ ಮಕ್ಕಳು ಬರ್ತಾರಂತೆ, ಇಪ್ಪತ್ತೆರಡು ಜನ” ಅಂದರು. ಅವರ ಮುಖದಲ್ಲಿ ಹೊಸ ಅಂಗಿ ಹಾಕಿಕೊಂಡವರ ಕಳೆ ಇತ್ತು. ಶಾಲೆಯವರು ಬರುತ್ತಿರುವುದು ಇದೇ ಮೊದಲು. “ನೀನು ಇರ್ತೀಯಲ್ಲ?”

“ಇರ್ತೀನಿ.”

ಚಿಕ್ಕ ಮಕ್ಕಳ ಶಾಲೆ ಇರಬೇಕು ಎಂದು ಅವಳು ಅಂದುಕೊಂಡಿದ್ದಳು. ಮಾಳಿಗೆ ಗುಡಿಸಿ, ಚಾಪೆ ಹಾಸಿ, ನೀರಿನ ಬಾಟಲಿಯನ್ನು ದೊಡ್ಡಪ್ಪನ ಪಕ್ಕದಲ್ಲಿಟ್ಟಳು. ಮೆಟ್ಟಿಲ ಮೇಲೆ ಕಾಲಿನ ಸದ್ದು ಕೇಳಿತು. ಜೊತೆಗೆ ಒಂದು ದನಿ: “ಸಾಲಾಗಿ ಹತ್ತಿ, ಗೋಡೆ ಹಿಡ್ಕೊಳ್ಳಿ.” ಆ ದನಿ ಅವಳಿಗೆ ಬೆನ್ನು ಹಾಕಿ ನಿಂತಿದ್ದರೂ ಗೊತ್ತಾಗುತ್ತಿತ್ತು. ವಿಜ್ಞಾನದ ಟೀಚರ್.

ಹುಡುಗಿ ಎದ್ದಳು. ಯೋಚಿಸಿ ಎದ್ದದ್ದಲ್ಲ. ಮಾಳಿಗೆಯ ಮೂಲೆಯಲ್ಲಿ ಒಡೆದ ಸಿಮೆಂಟಿನ ತೊಟ್ಟಿಯೊಂದಿತ್ತು, ಅದರ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಒಂದು ನಿಮಿಷ, ಎಲ್ಲರೂ ಕೂತು ಕತ್ತಲಾದ ಮೇಲೆ ಮೆಲ್ಲಗೆ ಹೋಗಿ ಸೇರಿಕೊಂಡರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು.

ಮಕ್ಕಳು ಕೂತರು. ದೊಡ್ಡಪ್ಪ ಎಂದಿನಂತೆ ಹತ್ತು ನಿಮಿಷ ಸುಮ್ಮನಿರಿಸಿದರು. ಹೋಗಬೇಕಾಗಿದ್ದ ಹತ್ತು ನಿಮಿಷ ಅದೇ. ಟೀಚರ್ ದೊಡ್ಡಪ್ಪನ ಎಡಗಡೆ, ಹುಡುಗಿಯ ಜಾಗದಲ್ಲೇ ಕೂತಿದ್ದರು. ಈಗ ಎದ್ದರೆ ‘ಇಷ್ಟು ಹೊತ್ತು ಎಲ್ಲಿದ್ದೆ’ ಎಂಬ ಪ್ರಶ್ನೆ, ಅದರ ಹಿಂದೆ ‘ಎರಡು ವರ್ಷ ಎಲ್ಲಿದ್ದೆ’ ಎಂಬ ಪ್ರಶ್ನೆ.

ದೊಡ್ಡಪ್ಪ ಮೊದಲು ನೆತ್ತಿಯ ಮೇಲಿನದರಿಂದ ಶುರು ಮಾಡಿದರು. ಕೃತ್ತಿಕೆ ಚೆನ್ನಾಗಿ ಕಾಣುತ್ತಿತ್ತು, ಮಕ್ಕಳು ಐದು, ಆರು, ಏಳು ಎಂದು ಜಗಳವಾಡಿದರು. ಒಬ್ಬಳು ಹದಿನಾಲ್ಕು ಅಂದಳು. “ನಿನ್ನ ಕಣ್ಣು ನಂಗೆ ಸಾಲ ಕೊಡಮ್ಮ” ಎಂದು ದೊಡ್ಡಪ್ಪ ಹೇಳಿದಾಗ ಎಲ್ಲರೂ ನಕ್ಕರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

ತೊಟ್ಟಿಯ ಹಿಂದಿನಿಂದ ಹುಡುಗಿ ನೋಡುತ್ತಿದ್ದಳು. ಪೂರ್ವದಿಂದ ಮೋಡ ಬಂತು. ಸದ್ದಿಲ್ಲದೆ, ಒದ್ದೆ ಬಟ್ಟೆಯಿಂದ ಹಲಗೆ ಒರೆಸಿದ ಹಾಗೆ. ಮೊದಲು ಕೆಳಗಿನ ನಕ್ಷತ್ರಗಳು ಹೋದವು, ಆಮೇಲೆ ಮಹಾವ್ಯಾಧ ಎನ್ನುವ ಬೇಟೆಗಾರನ ಸೊಂಟದ ಮೂರು ನಕ್ಷತ್ರಗಳೂ ಹೋದವು. ಪೂರ್ವವೆಲ್ಲ ಬೂದಿ.

“ಪುಟ್ಟಿ” ಎಂದು ದೊಡ್ಡಪ್ಪ ಕರೆದರು. “ನೀರು ಬೇಕೇನೋ ಅನಿಸ್ತಿದೆ.”

ಅವಳು ತೊಟ್ಟಿಗೆ ಇನ್ನಷ್ಟು ಒತ್ತಿಕೊಂಡಳು.

“ಪುಟ್ಟಿ, ಇದೀಯಾ?”

“ಯಾರನ್ನ ಕರೀತಿದೀರಿ? ಇಲ್ಲಿ ಬಾಟಲಿ ಇದೆ, ತಗೊಳ್ಳಿ” ಎಂದು ಟೀಚರ್ ಬಾಟಲಿಯನ್ನು ಅವರ ಕೈಗೆ ಕೊಟ್ಟರು. ದೊಡ್ಡಪ್ಪ ಕುಡಿದರು. ಕುಡಿಯುವಾಗ ಕಿವಿಯನ್ನು ಆಚೆ ಈಚೆ ತಿರುಗಿಸಿದ್ದು ಹುಡುಗಿಗೆ ಕಂಡಿತು. ಕೀಲಿಗೆ ಕಿವಿ ಇಟ್ಟು ಪೈಪಿನ ಒಳಗಿನ ನೀರನ್ನು ಹುಡುಕುವಾಗ ಹಾಗೇ ಮಾಡುತ್ತಿದ್ದರು. ಏನೂ ಕೇಳಿಸಲಿಲ್ಲ. ಮಕ್ಕಳ ನಡುವೆ ಎಲ್ಲೋ ಕೂತಿರಬೇಕು, ಪುಟ್ಟಿ ಏನೂ ಹೇಳುತ್ತಿಲ್ಲ ಅಂದರೆ ಮೋಡ ಇಲ್ಲ ಎಂದೇ ಅರ್ಥ. ಎರಡು ವರ್ಷದಿಂದ ಹಾಗೇ ಇತ್ತು.

ಅವರು ಕೈ ಚಾಚಿ ಮುಷ್ಟಿ ಕಟ್ಟಿದರು. “ಈಗ ಪೂರ್ವಕ್ಕೆ ತಿರುಗಿ. ಮೋಟುಗೋಡೆಯಿಂದ ನಾಲ್ಕು ಮುಷ್ಟಿ ಮೇಲೆ, ಒಂದೇ ಸಾಲಲ್ಲಿ ಮೂರು ನಕ್ಷತ್ರ. ಆಕಾಶದಲ್ಲಿ ಇಷ್ಟು ಚಂದದ್ದು ಇನ್ನೊಂದಿಲ್ಲ. ಸಿಕ್ತಾ?”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಅಲ್ಲೇನೂ ಇಲ್ಲ ತಾತ” ಎಂದಳು ಮುಂದೆ ಕೂತಿದ್ದವಳು.

“ನನ್ನ ಮುಷ್ಟಿ ಮೇಲಕ್ಕೆ ನೋಡು ಮಗಾ. ಈಗ ಹೊಳೀತಿದೆ ನೋಡು, ಎಷ್ಟು ಚೆನ್ನಾಗಿ.”

“ತಾತ, ಅಲ್ಲಿ ಮೋಡ ಇದೆ.”

ಯಾರೋ ಕಿಸಕ್ಕೆಂದರು. “ತಾತಂಗೆ ಮೋಡದ ಹಿಂದೂ ಕಾಣತ್ತೆ ಕಣ್ರೋ” ಎಂಬ ಮಾತು ಬಂತು. ಆಮೇಲೆ ಇಪ್ಪತ್ತೆರಡು ಜನರ ನಗು. ಟೀಚರ್ “ಶ್” ಎಂದರು, ಆದರೆ ನಗು ಅಷ್ಟರಲ್ಲಿ ಮಾಳಿಗೆಯೆಲ್ಲ ಹರಡಿತ್ತು. ಆ ನಗು ಹುಡುಗಿಗೆ ಗೊತ್ತಿದ್ದ ನಗುವೇ. ಅದು ಬೆನ್ನಿನ ಮೇಲೆ ಹೇಗೆ ಬೀಳುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವಳು ತೊಟ್ಟಿಯ ಹಿಂದೆಯೇ ಇದ್ದಳು.

ದೊಡ್ಡಪ್ಪನ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಎಲ್ಲಿ ಇಳಿಸಬೇಕೆಂದು ಗೊತ್ತಾಗದವರ ಹಾಗೆ. “ಹೌದಾ” ಅಂದರು. “ಮೋಡಾನಾ. ಇವತ್ತಿಗೆ ಸಾಕು ಬಿಡಿ.”

ಎಲ್ಲರೂ ಇಳಿದು ಹೋದ ಮೇಲೆ ಹುಡುಗಿ ಹೊರಗೆ ಬಂದಳು. ದೊಡ್ಡಪ್ಪ ಚಾಪೆ ಸುತ್ತುತ್ತಿದ್ದರು.

“ನೀರು ತರಕ್ಕೆ ಹೋಗಿದ್ಯಾ?” ಎಂದು ಕೇಳಿದರು.

ಅವಳು ಬಾಯಿ ತೆರೆದಳು. “ಹೂಂ” ಅಂದಳು.

ಬಚ್ಚಿಟ್ಟುಕೊಂಡದ್ದು ಒಂದಾದರೆ ಈ ‘ಹೂಂ’ ಇನ್ನೊಂದು. ರಾತ್ರಿ ಹಾಸಿಗೆಯಲ್ಲಿ ಅವಳ ಕಿವಿಯಲ್ಲಿ ಉಳಿದದ್ದು ಮಕ್ಕಳ ನಗುವಲ್ಲ, ಆ ‘ಹೂಂ’.

ಮರುದಿನ ಆಕಾಶ ಕನ್ನಡಿಯ ಹಾಗಿತ್ತು. ಯಾರೂ ಬರಲಿಲ್ಲ. ದೊಡ್ಡಪ್ಪ ಮಂಡಿ ನೋವು ಎಂದು ಕೆಳಗೇ ಇದ್ದರು. ಅದರ ಮರುದಿನವೂ ಮಂಡಿ ನೋವು. “ಮಂಡಿ ಯಾವತ್ತಿಂದ ನೋವು? ಬೆಳಿಗ್ಗೆ ಏಳು ವಾಲ್ವು ತಿರುಗಿಸಿದಾಗ ಇರಲಿಲ್ವಲ್ಲ” ಎಂದರು ದೊಡ್ಡಮ್ಮ. ಈ ಸಲ ದೊಡ್ಡಪ್ಪ ನಗಲಿಲ್ಲ.

ಮೂರನೆಯ ಸಂಜೆ ದೊಡ್ಡಪ್ಪ ಮೇಲಿನ ಬೀದಿಯ ಗುಂಡಿಗೆ ಕೀಲಿ ಇಳಿಸಿ ಸುತ್ತುತ್ತಿದ್ದರು. ಶಾಲೆಯಿಂದ ಬರುತ್ತಿದ್ದ ನಾಲ್ಕೈದು ಮಕ್ಕಳು ರಸ್ತೆಯಾಚೆ ನಿಂತರು. ಒಬ್ಬಳು ಕೈ ಚಾಚಿ, ಮುಷ್ಟಿ ಕಟ್ಟಿ, ಎದುರುಮನೆಯ ಗೋಡೆಯ ಕಡೆ ತೋರಿಸಿದಳು. “ಇಲ್ಲಿ ನೋಡಿ, ನಾಲ್ಕು ಮುಷ್ಟಿ ಮೇಲೆ ಮೂರು ನಕ್ಷತ್ರ. ಹೊಳೀತಿದೆ ನೋಡಿ.”

“ನಂಗೆ ಸುಣ್ಣ ಕಾಣಿಸ್ತಿದೆ.”

“ಸುಣ್ಣದ ಹಿಂದೆ ನೋಡೇ.”

ದೊಡ್ಡಪ್ಪ ನಿಂತರು. ಮತ್ತೆ ಸುತ್ತಿದರು. ಕೀಲಿ ಎತ್ತಿ ಪಕ್ಕದ ಗುಂಡಿಗೆ ಹೋದರು. ಅರ್ಧ ಗಂಟೆಯಲ್ಲಿ ಮೇಲಿನ ಬೀದಿಯ ದರ್ಜಿ ಹೆಂಗಸು ಖಾಲಿ ಬಕೆಟ್ ಹಿಡಿದುಕೊಂಡೇ ಇಳಿದು ಬಂದಳು. “ಏನು ನೀರಿನವರೇ, ನಮ್ಮ ನಲ್ಲಿಗೆ ಶೀತ ಆಗಿದೆಯಾ? ಬರೀ ಕೆಮ್ತಾ ಇದೆ.”

ದೊಡ್ಡಪ್ಪ ಹೋಗಿ ಕೀಲಿ ಇಳಿಸಿ ನೋಡಿದರು. ಹತ್ತೇ ಸುತ್ತು ಬಿಟ್ಟಿದ್ದರು. ಮೂವತ್ತೆಂಟು ವರ್ಷದಲ್ಲಿ ಇಂಥದ್ದು ಆಗಿರಲಿಲ್ಲ. “ತಪ್ಪಾಯ್ತಮ್ಮ” ಅಂದರು.

ಆ ಮಾತು ಕೇಳಿ ಹುಡುಗಿಗೆ ನಿಂತ ನೆಲ ಬಾಯಿ ತೆರೆಯಬಾರದೇ ಅನಿಸಿತು. ದರ್ಜಿ ಹೆಂಗಸು ಹೋಗುವವರೆಗೆ ಕಾದಳು. ಎಣ್ಣೆ ಡಬ್ಬಿಯನ್ನು ಕೆಳಗಿಟ್ಟಳು.

“ದೊಡ್ಡಪ್ಪ, ಅವತ್ತು ನಾನು ನೀರು ತರಕ್ಕೆ ಹೋಗಿರಲಿಲ್ಲ.”

“ಗೊತ್ತು. ಬಾಟಲಿ ಪಕ್ಕದಲ್ಲೇ ಇತ್ತಲ್ಲ.”

“ತೊಟ್ಟಿ ಹಿಂದೆ ಇದ್ದೆ. ಮೋಡ ಬಂದಿದ್ದು ನೋಡ್ದೆ. ನೀವು ಕರೆದಿದ್ದೂ ಕೇಳಿಸ್ತು.” ಗುಂಡಿಯ ಕಡೆ ನೋಡುತ್ತ ಅಂದಳು: “ಟೀಚರ್ ನೋಡಿಬಿಡ್ತಾರೆ ಅಂತ.”

ದೊಡ್ಡಪ್ಪ ಗುಂಡಿಯ ಅಂಚಿನಲ್ಲಿ ಕೂತರು. ಬೈಯುತ್ತಾರೆ ಎಂದು ಅವಳು ಕಾದಳು, ಬೈದರೆ ಹಗುರಾಗುತ್ತಿತ್ತು. ಅವರು ಕೀಲಿಯ ತುಕ್ಕನ್ನು ಉಗುರಿನಿಂದ ಕೆರೆಯುತ್ತ ಕೂತಿದ್ದರು.

“ನಿನ್ನ ಬ್ಯಾಗು ಇನ್ನೂ ಆ ಮೊಳೇಲೇ ಇದೆ” ಅಂದರು. “ಎರಡು ವರ್ಷ ಆಯ್ತು. ಶಾಲೆಗೆ ವಾಪಸ್ ಹೋಗು ಅಂತ ನಾನು ಒಂದು ಸಲಾನಾದ್ರೂ ಹೇಳಿದೀನಾ?”

“ಇಲ್ಲ.”

“ಮೊದಲು ನಿನಗೆ ಬೇಜಾರಾಗತ್ತೆ ಅಂತ ಹೇಳಲಿಲ್ಲ. ಆಮೇಲೆ ಯಾಕೆ ಹೇಳಲಿಲ್ಲ ಗೊತ್ತಾ? ನೀನು ಹೋದ್ರೆ ನನ್ನ ಮೊಣಕೈ ಹಿಡಿಯೋರು ಯಾರು ಅಂತ.” ಅವರು ಕೆರೆಯುವುದನ್ನು ನಿಲ್ಲಿಸಿದರು. “ನೀನು ಒಂದು ಸಂಜೆ ಬಚ್ಚಿಟ್ಕೊಂಡೆ. ನಾನು ಎರಡು ವರ್ಷದಿಂದ ನಿನ್ನ ಹಿಂದೆ ಬಚ್ಚಿಟ್ಕೊಂಡಿದೀನಿ. ಮಕ್ಕಳು ನಕ್ಕಿದ್ದರಲ್ಲಿ ತಪ್ಪೇನಿದೆ?”

ಅವರ ಬಗ್ಗೆ ಅವಳಿಗೆ ಕೋಪ ಬರಬೇಕಿತ್ತೇನೋ. ಬರಲಿಲ್ಲ.

“ಟೀಚರಿಗೆ ನಿಜ ಹೇಳೋಣ ದೊಡ್ಡಪ್ಪ. ನೀವು ಸುಳ್ಳುಗಾರ ಅಲ್ಲ, ಕಣ್ಣಿಗೆ ಪೊರೆ ಬಂದಿದೆ ಅಂತ.”

“ನನಗಾಗಲ್ಲ ಪುಟ್ಟಿ. ಶಾಲೆ ಮೆಟ್ಟಿಲು ಹತ್ತಿ ಅವರ ಮುಂದೆ ನಿಲ್ಲೋಕೆ ನಾಚಿಕೆ ಆಗತ್ತೆ.”

“ನಾನು ಹೇಳ್ತೀನಿ” ಅಂದಳು.

“ನೀನಾ?” ದೊಡ್ಡಪ್ಪ ಅವಳ ದನಿ ಬಂದ ಕಡೆ ಮುಖ ಮಾಡಿದರು. “ಯಾವಾಗ?”

“ಸೋಮವಾರ.”

“ಹೇಳು” ಅಂದರು ಅವರು. ಆಮೇಲೆ, “ಆಸ್ಪತ್ರೆಗೆ ಯಾವತ್ತು ಹೋಗ್ಬೇಕು ಅಂತ ನಿನ್ನ ದೊಡ್ಡಮ್ಮನ್ನ ಕೇಳು. ಅವಳಿಗೆ ಮೊದಲು ಹೇಳ್ಬೇಕು. ಬೈತಾಳೆ, ಬೈಲಿ” ಎಂದು ಕೀಲಿ ಎತ್ತಿಕೊಂಡು, ಬಾಕಿ ಉಳಿದ ನಾಲ್ಕು ಸುತ್ತನ್ನು ಬಾಯಿಬಿಟ್ಟು ಎಣಿಸುತ್ತ ಸುತ್ತಿದರು.

ಇವತ್ತು ಭಾನುವಾರ. ದೊಡ್ಡಮ್ಮ ನಿನ್ನೆ ಬೈದರು, ಅತ್ತರು, ಬುಧವಾರಕ್ಕೆ ಆಸ್ಪತ್ರೆಯ ಚೀಟಿ ಮಾಡಿಸಿದರು. ನಾಳೆ ಸೋಮವಾರ. ಬೆಳಗಿನ ನೀರು ಬಿಟ್ಟ ಮೇಲೆ ಹುಡುಗಿ ಶಾಲೆಗೆ ಹೋಗಿ, ಟೀಚರುಗಳ ಕೋಣೆಯ ಬಾಗಿಲಲ್ಲಿ ನಿಂತು, ವಿಜ್ಞಾನದ ಟೀಚರನ್ನು ಕರೆಯುತ್ತಾಳೆ. ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದಿದೆ, ಮೋಡ ಬಂದಾಗ ಹೇಳಬೇಕಾಗಿದ್ದವಳು ನಾನು, ತೊಟ್ಟಿಯ ಹಿಂದೆ ಇದ್ದೆ ಎಂದು ಹೇಳುತ್ತಾಳೆ. ಅದೇ ಇಪ್ಪತ್ತೆರಡು ಮಕ್ಕಳ ಮುಂದೆಯೂ ಅದನ್ನು ಹೇಳಲು ಅಪ್ಪಣೆ ಕೇಳುತ್ತಾಳೆ.